ಮುನ್ನೂರಾರು ಕುದುರೆಯ ಮೊದಲ ಕಾರು

ಬಾಗಿಲು ತೆರೆದರೆ ಸೀಟು ಮೊಣಕಾಲಿಗಿಂತ ಕೆಳಗಿದೆ. ಸೊಂಟ ಬಗ್ಗಿಸಿ, ಒಂದು ಕಾಲು ಒಳಗಿಟ್ಟು, ಮೈಯನ್ನು ಜಾರಿಸಿಕೊಂಡು ಕೂರಬೇಕು. ಕೂತ ಮೇಲೆ ಕೈ ಇಳಿಬಿಟ್ಟರೆ ಯಾರ್ಡಿನ ಸಿಮೆಂಟು ನೆಲ ಬೆರಳಿಗೆ ತಾಗುವಂತಿದೆ. ಎದುರಿಗೆ ಬಾನೆಟ್ ಉದ್ದಕ್ಕೆ ಚಾಚಿಕೊಂಡಿದೆ, ತುದಿ ಎಲ್ಲಿ ಮುಗಿಯುತ್ತದೋ ಇಲ್ಲಿಂದ ಕಾಣುವುದಿಲ್ಲ. ಶನಿವಾರ ಬೆಳಿಗ್ಗೆ, ಮೈಸೂರು ರಸ್ತೆಯ ಪಕ್ಕದ ಸೆಕೆಂಡ್ ಹ್ಯಾಂಡ್ ಕಾರುಗಳ ಯಾರ್ಡು. ಬಿಸಿಲಿಗೆ ಕಾದ ಚರ್ಮದ ಸೀಟು, ಪಾಲಿಶು, ಪೆಟ್ರೋಲು ಮೂರೂ ಬೆರೆತ ವಾಸನೆ. ಸ್ಟೀರಿಂಗ್ ಹಿಡಿದು ಕೂತಿರುವವಳು ನನ್ನ ಅಣ್ಣನ ಮಗಳು. ವಯಸ್ಸು ಇಪ್ಪತ್ತೆರಡು. ಕೆಲಸ ಸಿಕ್ಕಿದೆ, ಲೈಸೆನ್ಸ್ ಇದೆ, ಇನ್ನೂ ಸ್ವಂತ ಕಾರಿಲ್ಲ. ಈ ಕಾರಿನಲ್ಲಿ ಮೂರನೆಯವರಿಗೆ ಜಾಗವಿಲ್ಲ, ಹಾಗಾಗಿ ನೀವು ಸದ್ಯಕ್ಕೆ ಹೊರಗೇ ನಿಂತು ನೋಡಬೇಕು.

"ಚಿಕ್ಕಪ್ಪ, ಸ್ಟಾರ್ಟ್ ಮಾಡ್ಲಾ?"

"ಮಾಡು."

ಗುಂಡಿ ಒತ್ತುತ್ತಾಳೆ. ಬೆನ್ನ ಹಿಂದೆ ಒಮ್ಮೆ ಗುಡುಗಿ, ಸದ್ದು ನಿಧಾನವಾಗಿ ಇಳಿದು, ದಪ್ಪನೆಯ ಗುನುಗಾಗಿ ನಿಲ್ಲುತ್ತದೆ. ಆ ನಡುಕ ಸೀಟಿನಿಂದ ಬೆನ್ನುಹುರಿಗೆ ಬರುತ್ತದೆ. ಬಿಎಂಡಬ್ಲ್ಯು ಝಡ್4, 35ಐ. ಸಾಲಾಗಿ ನಿಂತ ಆರು ಸಿಲಿಂಡರ್, ಮೂರು ಲೀಟರ್, ಎರಡು ಟರ್ಬೊ, 306 ಕುದುರೆಗಳ ಶಕ್ತಿ, 400 ನ್ಯೂಟನ್ ಮೀಟರ್ ಟಾರ್ಕ್. ನಿಂತ ಜಾಗದಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಐದು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ವಯಸ್ಸಾಗಿರುವುದರಿಂದ ಬೆಲೆ ಇಳಿದಿದೆ. ಹೊಸ ಸೆಡಾನ್ ಒಂದಕ್ಕೆ ಕೊಡುವ ದುಡ್ಡಿಗೆ ಇದು ಸಿಗುತ್ತದೆ. ಅವಳ ಮುಖ ನೋಡುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಪುಸ್ತಕಗಳಿಗೆ ಹಾಕಿದ ಬೈಂಡಿನ ಮೇಲೆಲ್ಲ ಕಾರು ಬರೆಯುತ್ತಿದ್ದ ಹುಡುಗಿ. ಈ ಆಸೆ ನನಗೆ ಚೆನ್ನಾಗಿ ಗೊತ್ತು, ಇದನ್ನು ಹಗುರವಾಗಿ ತೆಗೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ. ಕಾರು ಎಂದರೆ ಆಫೀಸಿಗೆ ಹೋಗುವ ಡಬ್ಬ ಅಷ್ಟೇ ಅಲ್ಲ ಎಂದು ತಿಳಿದವಳು ಒಳ್ಳೆಯ ಚಾಲಕಿ ಆಗುತ್ತಾಳೆ, ಆಗುವವರೆಗೆ ಬದುಕಿ ಉಳಿದರೆ.

ಎಂಜಿನ್ ಆರಿಸಿ ಹೊರಗೆ ಬರುತ್ತೇವೆ. ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಟೈರಿನ ಪಕ್ಕೆಯ ಮೇಲೆ ಬೆರಳಾಡಿಸಿ ತೋರಿಸುತ್ತೇನೆ. ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ: 2216. ಅಂದರೆ 2016ರ 22ನೇ ವಾರ ತಯಾರಾದ ಟೈರು. ಟೈರಿನ ಹೂವಿನ ಅಚ್ಚು ಇನ್ನೂ ಚೆನ್ನಾಗಿದೆ, ಸವೆದಿಲ್ಲ. ನೋಡಿದವರು ಹೊಸದು ಅಂದುಕೊಳ್ಳಬೇಕು. ಆದರೆ ಉಗುರು ಒತ್ತಿದರೆ ರಬ್ಬರು ಕಲ್ಲಾಗಿದೆ, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು. ವರ್ಷಕ್ಕೆ ನಾಲ್ಕು ಭಾನುವಾರ ಹೊರಗೆ ಬಂದು, ಉಳಿದ ದಿನ ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳ ಕಥೆಯೇ ಇದು.

"ಕಿಲೋಮೀಟರ್ ತುಂಬಾ ಕಮ್ಮಿ ಓಡಿದೆ ಸರ್, ಅದಕ್ಕೇ ಟೈರು ಹಾಗೇ ಇದೆ" ಎನ್ನುತ್ತಾನೆ ಯಾರ್ಡಿನ ಹುಡುಗ.

ಈ ಕಾರಿನಲ್ಲಿ ಎಂಜಿನ್ನಿನ ಬಲವೆಲ್ಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಮೊದಲ ಮಳೆಗೆ ಎಣ್ಣೆ ತೇಲಿದ ರಸ್ತೆ, ಕಲ್ಲಾದ ರಬ್ಬರು, ತಿರುವಿನಲ್ಲಿ ತುಸು ಜೋರಾಗಿ ಒತ್ತಿದ ಪಾದ. ಹಿಂಭಾಗ ಹೊರಕ್ಕೆ ತಿರುಗುತ್ತದೆ. ಹಾಗಾದಾಗ ಸ್ಟೀರಿಂಗ್ ಯಾವ ಕಡೆಗೆ, ಎಷ್ಟು, ಯಾವಾಗ ಎಂಬುದನ್ನು ಕೈ ತಾನಾಗಿ ಮಾಡಬೇಕು, ಯೋಚಿಸಲು ಸಮಯವಿರುವುದಿಲ್ಲ. ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ಸ್ ಇದೆ, ನಿಜ. ಅದು ಟೈರು ನೆಲವನ್ನು ಹಿಡಿಯುವಷ್ಟು ಮಾತ್ರ ಸಹಾಯ ಮಾಡೀತು, ಇಲ್ಲದ ಹಿಡಿತವನ್ನು ತಂದುಕೊಡಲಾರದು.

ಓಡಿಸಿ ನೋಡುತ್ತೇವೆ. ಮೊದಲು ನಾನು, ಪಕ್ಕದಲ್ಲಿ ಅವಳು. ಯಾರ್ಡಿನ ಗೇಟು ದಾಟುವ ಇಳಿಜಾರಿನಲ್ಲೇ ಮುಂದಿನ ಬಂಪರಿನ ಅಡಿಯಿಂದ ಗರ್ ಎಂಬ ಸದ್ದು. ಇಬ್ಬರೂ ಹಲ್ಲು ಕಚ್ಚುತ್ತೇವೆ. ಸರ್ವೀಸ್ ರಸ್ತೆಯಲ್ಲಿ ಹಂಪಿನ ಮೇಲೆ ಹಂಪು, ಒಂದೊಂದಕ್ಕೂ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನ ಆಟೊದವರ ಹಾರನ್ನು. ಬಿಎಂಟಿಸಿ ಬಸ್ಸಿನ ಪಕ್ಕ ನಿಂತರೆ ಅದರ ಚಕ್ರದ ನಟ್ಟುಗಳು ನನ್ನ ಕಿವಿಯ ಎತ್ತರಕ್ಕಿವೆ. ಚಾಲಕರಿಗೆ ನಾವು ಕಾಣುತ್ತಿದ್ದೇವೋ ಇಲ್ಲವೋ ಗೊತ್ತಿಲ್ಲ. ಮೇಲೆ ಮೆಟ್ರೊ ಚಲ್ಲಘಟ್ಟದ ಕಡೆಗೆ ಹೋಗುತ್ತದೆ, ಆ ರೈಲಿಗೆ ಹೋಲಿಸಿದರೆ ನಮ್ಮ 306 ಕುದುರೆಗಳು ತೆವಳುತ್ತಿವೆ.

ಕೆಂಗೇರಿ ದಾಟಿ ದಾರಿ ಬಿಡುವಾದಾಗ, ಮುಂದೆ ಹಿಂದೆ ನೋಡಿಕೊಂಡು, ಕಾಲು ಒತ್ತುತ್ತೇನೆ. ಮೊದಲು ಸದ್ದು ಬದಲಾಗುತ್ತದೆ, ಆಮೇಲೆ ಬೆನ್ನು ಸೀಟಿಗೆ ಅಂಟುತ್ತದೆ. ದೂರದಲ್ಲಿದ್ದ ಲಾರಿ ಕಣ್ಣೆದುರಿಗೆ ಬಂದು ನಿಂತಿದೆ. ಕಾಲು ತೆಗೆಯುತ್ತೇನೆ. ಅಷ್ಟೇ. ಉಸಿರು ಒಮ್ಮೆ ಎಳೆದು ಬಿಡುವಷ್ಟರಲ್ಲಿ ಎಲ್ಲ ಮುಗಿಯಿತು. ಈ ಕಾರಿನ ಮೂರನೇ ಗೇರು ಮುಗಿಯುವ ಮೊದಲೇ ನಮ್ಮ ರಾಜ್ಯದ ಯಾವ ರಸ್ತೆಯ ವೇಗಮಿತಿಯೂ ಹಿಂದೆ ಉಳಿದಿರುತ್ತದೆ. ಇನ್ನೂ ನಾಲ್ಕು ಗೇರು ಬಾಕಿ ಇವೆ.

ವಾಪಸು ಬರುವಾಗ ಅವಳು ಓಡಿಸುತ್ತಾಳೆ. ಕೈಯಲ್ಲಿ ತುಂಬಿದ ಬಿಂದಿಗೆ ಹಿಡಿದವಳಂತೆ ನಡೆಸುತ್ತಾಳೆ. ಪಾದ ಆಕ್ಸಿಲರೇಟರಿನ ಮೇಲೆ ಕಾಗದದಷ್ಟೇ ಒತ್ತುತ್ತಿದೆ, ಭುಜ ಎರಡೂ ಕಿವಿಯ ಹತ್ತಿರ. ಯಾರ್ಡಿನಲ್ಲಿ ನಿಲ್ಲಿಸಿ ಇಳಿದಾಗ ಅಂಗೈ ಒದ್ದೆ.

"ಹೇಗನ್ನಿಸ್ತು ಪುಟ್ಟಿ?"

"ಹೆದರಿಕೆ ಆಯ್ತು ಚಿಕ್ಕಪ್ಪ. ಆದ್ರೆ ಅಭ್ಯಾಸ ಆಗತ್ತೆ ಅಲ್ವಾ?"

ಈ ಪ್ರಶ್ನೆಯೇ ಇಡೀ ವಿಷಯ. ಅಭ್ಯಾಸ ಖಂಡಿತ ಆಗುತ್ತದೆ. ಆದರೆ ಯಾವುದರ ಅಭ್ಯಾಸ? ಕಾರಿನ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಬಳಸುವ ಅಭ್ಯಾಸ. ಉಳಿದ ಒಂಬತ್ತು ಪಾಲು ಏನು ಮಾಡುತ್ತದೆಂದು ತಿಳಿಯದೆ, ತಿಳಿದಿದೆ ಎಂಬ ಧೈರ್ಯ ಬಂದುಬಿಡುವ ಅಭ್ಯಾಸ. ಮೊದಲ ತಿಂಗಳ ಹೆದರಿಕೆಗಿಂತ ಆರನೇ ತಿಂಗಳ ಆ ಧೈರ್ಯ ಅಪಾಯಕಾರಿ.

ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಅವಳು ಫೋನಿನಲ್ಲಿ ವಿಮೆಯ ಲೆಕ್ಕ ತೆಗೆಯುತ್ತಾಳೆ. ಕಾರಿನ ನಂಬರು, ವರ್ಷ, ಊರು ಕೇಳುತ್ತದೆ. ಮೊತ್ತ ಬರುತ್ತದೆ. ಅದೇ ಕಾರಿಗೆ ನನ್ನ ಹೆಸರು ಹಾಕಿ ನೋಡು ಎನ್ನುತ್ತೇನೆ. ಅದೇ ಮೊತ್ತ.

ಇಲ್ಲಿ ಸ್ವಲ್ಪ ನಿಲ್ಲಬೇಕು, ನಮ್ಮ ದೇಶದ ಒಂದು ದೊಡ್ಡ ಕೊರತೆ ಈ ಫೋನಿನ ಪರದೆಯಲ್ಲಿದೆ. ಥರ್ಡ್ ಪಾರ್ಟಿ ವಿಮೆಯ ದರ ನಮ್ಮಲ್ಲಿ ನಿಗದಿಯಾಗುವುದು ಎಂಜಿನ್ನಿನ ಗಾತ್ರದಿಂದ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯ ಪ್ರಕಾರ ವರ್ಷಕ್ಕೆ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕಿಂತ ಮೇಲಿದ್ದರೆ 7,897. ಸ್ವಂತ ಕಾರಿನ ಹಾನಿಗೆ ಕಟ್ಟುವ ಪಾಲು ಮುಖ್ಯವಾಗಿ ಕಾರಿನ ಬೆಲೆ, ವಯಸ್ಸು, ನೋಂದಣಿಯಾದ ಊರನ್ನು ನೋಡುತ್ತದೆ. ಓಡಿಸುವವರಿಗೆ ಇಪ್ಪತ್ತೆರಡೋ ಐವತ್ತೆರಡೋ ಎಂಬುದು ಬಹುಮಟ್ಟಿಗೆ ಲೆಕ್ಕಕ್ಕಿಲ್ಲ. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಆಗಿದ್ದರೆ ಇದೇ ಹುಡುಗಿಗೆ ಇದೇ ಕಾರಿನ ವಿಮಾ ಕಂತು ನನ್ನ ಕಂತಿಗಿಂತ ಬಹಳ ಹೆಚ್ಚು ಬರುತ್ತಿತ್ತು. ಅಲ್ಲಿ ಎಳೆಯ ಚಾಲಕರು ಎಷ್ಟೋ ಮಂದಿ, ವೇಗವನ್ನೂ ಬ್ರೇಕನ್ನೂ ದಾಖಲಿಸುವ ಸಣ್ಣ ಪೆಟ್ಟಿಗೆಯನ್ನು ಕಾರಿಗೆ ಹಾಕಿಸಿಕೊಂಡು ಕಂತು ಇಳಿಸಿಕೊಳ್ಳುತ್ತಾರೆ. ಓಡಿಸುವ ರೀತಿ ನೋಡಿ ಕಂತು ನಿಗದಿ ಮಾಡಲು ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವೂ 2022ರಲ್ಲಿ ಅನುಮತಿ ಕೊಟ್ಟಿದೆ, ಅದು ಕಡ್ಡಾಯವಲ್ಲ. ಅಲ್ಲಿ ಹಣವೇ ಬ್ರೇಕು. ಇಲ್ಲಿ ಬೇಡ ಎನ್ನುವ ಕೆಲಸ ಮನೆಯವರ ಮೇಲೆ ಬಿದ್ದಿದೆ.

ಅಷ್ಟರಲ್ಲಿ ಅಣ್ಣನ ಫೋನು, ತುಮಕೂರಿನಿಂದ. "ಏನ್ ಮಾಡ್ತಿದ್ದೀಯೋ ಅವಳನ್ನ ಕರ್ಕೊಂಡು? ಎತ್ತರವಾಗಿರೋ ಗಟ್ಟಿ ಗಾಡಿ ಒಂದು ಕೊಡಿಸು ಅಂದ್ರೆ..." ಅಪ್ಪಂದಿರ ಮನಸ್ಸಿನಲ್ಲಿ ಗಟ್ಟಿ ಎಂದರೆ ಎತ್ತರ. ಎತ್ತರದ ಎಸ್‌ಯುವಿಯ ಭಾರ ಮೇಲೆ ಇರುತ್ತದೆ, ಗಡಿಬಿಡಿಯ ತಿರುವಿನಲ್ಲಿ ಅದು ವಾಲುವುದೂ ಹೆಚ್ಚು, ನಿಲ್ಲಿಸಬೇಕಾದ ತೂಕವೂ ಹೆಚ್ಚು. ಅದನ್ನು ಫೋನಿನಲ್ಲಿ ಹೇಳಲಾಗದು. "ಅಣ್ಣ, ಐದು ಸ್ಟಾರ್ ಇಲ್ಲದೆ ಕಾರು ಮನೆಗೆ ಬರಲ್ಲ, ಅಷ್ಟು ಮಾತು ಕೊಡ್ತೀನಿ" ಎಂದು ಇಡುತ್ತೇನೆ.

ಹಾಗಾದರೆ ಯಾವುದು? ಅವಳು ಪಟ್ಟಿ ಮಾಡಿಕೊಂಡೇ ಬಂದಿದ್ದಾಳೆ. ಅಬಾರ್ತ್ ಪುಂಟೊ, 145 ಕುದುರೆ, 2015ರಲ್ಲಿ ಹತ್ತು ಲಕ್ಷದೊಳಗೆ ಬಂದ ಅದ್ಭುತ. ಆದರೆ ಆ ಕಂಪನಿ ಇಲ್ಲಿ ಪುಂಟೊ ಮಾರುವುದನ್ನು ನಿಲ್ಲಿಸಿ ವರ್ಷಗಳಾಗಿವೆ, ಮೊದಲ ಕಾರಿನ ಬಿಡಿಭಾಗಕ್ಕೆ ಊರೂರು ಅಲೆಯುವುದು ಬೇಡ. ಪೋಲೊ ಜಿಟಿಐ, 2016ರದು, ಬಂದದ್ದೇ ಬೆರಳೆಣಿಕೆಯಷ್ಟು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 230 ಕುದುರೆ ಮತ್ತೆ ಮೊದಲಿನ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಪಟ್ಟಿಯ ಕೊನೆಯಲ್ಲಿ, ಆಸೆ ಬಿಡದೆ, ಮಾಜ್ದಾ ಎಂಎಕ್ಸ್-5 ಎಂದು ಬರೆದಿದ್ದಾಳೆ. ಅದನ್ನು ಭಾರತದಲ್ಲಿ ಕಂಪನಿ ಮಾರಲೇ ಇಲ್ಲ ಎಂದು ಗೊತ್ತಿದ್ದೂ.

ಅದನ್ನು ಬರೆದದ್ದು ಒಳ್ಳೆಯದೇ ಆಯಿತು. 1989ರಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡ ಎಂಎಕ್ಸ್-5 ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. 2016ರಲ್ಲಿ ಅದರ ಸಂಖ್ಯೆ ಹತ್ತು ಲಕ್ಷ ದಾಟಿತು. ಆ ಮೊದಲ ಕಾರಿನ ಎಂಜಿನ್ 1.6 ಲೀಟರ್, ಶಕ್ತಿ ಸುಮಾರು 115 ಕುದುರೆ, ತೂಕ ಒಂದು ಟನ್ನಿನ ಆಸುಪಾಸು. ಒಂದಿಡೀ ತಲೆಮಾರು ಕಾರು ಓಡಿಸುವ ಸುಖ ಏನೆಂದು ಕಲಿತದ್ದು ಅಷ್ಟರಲ್ಲೇ. ಬೆಂಗಳೂರಿನ ಸ್ಯಾನ್ ಮೋಟರ್ಸ್ ತೊಂಬತ್ತರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಕಾರು ತಂದಿತ್ತು, ಫೈಬರ್ ಮೈ, ರೆನೊ ಕಂಪನಿಯ 1.2 ಲೀಟರ್ ಎಂಜಿನ್, 60 ಕುದುರೆ. ಯಶಸ್ಸು ಸಿಗಲಿಲ್ಲ, ಆದರೂ ಅದನ್ನು ಕಟ್ಟಿದವರ ಆಸೆಗೆ ನನ್ನ ಗೌರವವಿದೆ. ನಮ್ಮ ದೇಶದ ರೇಸುಗಾರರನ್ನು ಬೆಳೆಸಿದ ಫಾರ್ಮುಲಾ ಎಲ್‌ಜಿಬಿ ಕಾರುಗಳಲ್ಲಿರುವುದೂ 1.3 ಲೀಟರಿನ ಮಾರುತಿ ಎಂಜಿನ್ನೇ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಆ ಸಣ್ಣ ಎಂಜಿನ್ನಿನಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕಲು ಕಲಿತವರು ಮುಂದೆ ದೊಡ್ಡ ಕಾರು ಹತ್ತಿದರು.

ಅಂಥದ್ದೇ ಸಣ್ಣ ಎಂಜಿನ್ನಿನ ಕಾರು ಹುಡುಕಿ, ಸಂಜೆ ನಾಗರಬಾವಿಯ ಒಂದು ಮನೆಯ ಮುಂದೆ ನಿಂತಿದ್ದೇವೆ. ಈ ಕಾರಿನಲ್ಲಿ ಹಿಂದೆ ಜಾಗವಿದೆ, ನೀವೂ ಹತ್ತಿ. ಬಾಗಿಲು ತೊಂಬತ್ತು ಡಿಗ್ರಿಗೆ ತೆರೆದುಕೊಳ್ಳುತ್ತದೆ, ಬಗ್ಗುವ ಕಷ್ಟವಿಲ್ಲ. ನಿಮ್ಮ ಪಕ್ಕದಲ್ಲಿ ಕಾರಿನ ಮಾಲೀಕರು ಕೂರುತ್ತಾರೆ. ಇಬ್ಬರು ಮಕ್ಕಳಾದ ಮೇಲೆ ದೊಡ್ಡ ಗಾಡಿ ಬೇಕಾಗಿ ಇದನ್ನು ಮಾರುತ್ತಿದ್ದಾರೆ. ಟಾಟಾ ಆಲ್ಟ್ರೋಜ್ ರೇಸರ್, ಕಿತ್ತಳೆ ಬಣ್ಣ, ಬಾನೆಟ್ಟಿನಿಂದ ಚಾವಣಿಯವರೆಗೆ ಎರಡು ಬಿಳಿ ಪಟ್ಟೆ. 1.2 ಲೀಟರ್ ಟರ್ಬೊ ಎಂಜಿನ್, 120 ಕುದುರೆ, 170 ನ್ಯೂಟನ್ ಮೀಟರ್, ಆರು ಗೇರು, ಕೈಯಿಂದಲೇ ಹಾಕಬೇಕು. ಆರು ಏರ್‌ಬ್ಯಾಗು, ಸ್ಥಿರತೆ ಕಾಯುವ ಇಎಸ್‌ಪಿ. ಆಲ್ಟ್ರೋಜ್‌ಗೆ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಡಿಕ್ಕಿ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು ಸ್ಟಾರ್ ಬಂದಿದೆ. ಇಷ್ಟೇ ಶಕ್ತಿಯ ಹುಂಡೈ ಐ20 ಎನ್ ಲೈನ್ ಅನ್ನೂ ಅವಳು ಹಿಂದಿನ ವಾರ ಓಡಿಸಿದ್ದಳು. ಕ್ಲಚ್ಚು, ಗೇರು ಎರಡೂ ಇದಕ್ಕಿಂತ ನಯ ಎಂದಳು. ಇರಬಹುದು. ಐ20ಗೆ 2022ರ ಪರೀಕ್ಷೆಯಲ್ಲಿ ಬಂದದ್ದು ಮೂರು ಸ್ಟಾರ್. ಮೊದಲ ಕಾರಿನಲ್ಲಿ ಗೇರಿನ ನಯಕ್ಕಿಂತ ಮೈಯ ಗಟ್ಟಿತನಕ್ಕೆ ನನ್ನ ಮತ.

ಮಾಗಡಿ ರಸ್ತೆ ಹಿಡಿದು, ಊರು ದಾಟಿ, ಮಂಚನಬೆಲೆ ಕಡೆಗೆ ತಿರುಗುತ್ತೇವೆ. ಇಕ್ಕೆಲದಲ್ಲಿ ಬಂಡೆಗಳು, ಹೊಂಗೆ, ಅಲ್ಲಲ್ಲಿ ರಾಗಿ ಹೊಲ. ದಾರಿ ಬಳುಕುತ್ತದೆ. ಮೂರನೇ ಗೇರು, ಗಂಟೆಗೆ 50. ಎದುರಿಗೆ ಏರು.

"ಎರಡಕ್ಕೆ ಇಳಿಸು. ಈಗ ಒತ್ತು."

ಒತ್ತುತ್ತಾಳೆ. ಒಂದು ಕ್ಷಣ ಏನೂ ಇಲ್ಲ, ಟರ್ಬೊ ಉಸಿರು ತುಂಬಿಕೊಳ್ಳುತ್ತಿದೆ. ಆಮೇಲೆ ಕಾರು ಮುಂದಕ್ಕೆ ಜಗ್ಗುತ್ತದೆ, ಎಕ್ಸಾಸ್ಟು ಕೊಂಚ ಕರಕರ ಎನ್ನುತ್ತದೆ, ನಿಮ್ಮ ತಲೆ ಹಿಂದಕ್ಕೆ ಒರಗುತ್ತದೆ. ಮುಳ್ಳು 60 ದಾಟುತ್ತದೆ. ಮೂರಕ್ಕೆ ಹಾಕುತ್ತಾಳೆ. ತಿರುವು ಬಂತು, ಬ್ರೇಕು, ಕಾರಿನ ಮೂಗು ತಗ್ಗುತ್ತದೆ, ಸ್ಟೀರಿಂಗಿನಲ್ಲಿ ಮುಂದಿನ ಟೈರುಗಳ ಹಿಡಿತ ಅವಳ ಕೈಗೆ ಬರುತ್ತದೆ, ತಿರುವಿನ ಕೊನೆ ಕಂಡಾಗ ಮತ್ತೆ ಒತ್ತುತ್ತಾಳೆ. ಕನ್ನಡಿಯಲ್ಲಿ ಅವಳ ಕಣ್ಣು ನೋಡಿ. ಭುಜ ಇಳಿದಿದೆ. ಈ ಕಾರಿನ ಪೂರ್ತಿ ಶಕ್ತಿಯನ್ನು ಅವಳು ಕಾನೂನಿನ ಮಿತಿಯೊಳಗೇ ಬಳಸಿದಳು, ಏನಾಗುತ್ತದೆಂದು ಕಂಡಳು. ಮುಂದಿನ ತಿರುವಿನಲ್ಲಿ ಒಂದು ಗೇರು ತಪ್ಪಿ ಹಾಕಿದಳು, ಎಂಜಿನ್ ಒದ್ದಾಡಿತು, ಅವಳೇ ಸರಿಮಾಡಿಕೊಂಡಳು. ಝಡ್4ನ ಆಟೊಮ್ಯಾಟಿಕ್ ಗೇರುಪೆಟ್ಟಿಗೆ ಆ ತಪ್ಪನ್ನು ಮುಚ್ಚಿಹಾಕುತ್ತಿತ್ತು, ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಎದುರಿಗೆ ಕುರಿ ಹಿಂಡು. ದೂರದಿಂದಲೇ ನಿಧಾನಿಸಿ ನಿಲ್ಲಿಸುತ್ತಾಳೆ. ಹಿಂದೆ ಕೂತ ಮಾಲೀಕರು ಮೊದಲ ಸಲ ಬೆನ್ನು ಒರಗಿಸಿ ಕೂರುತ್ತಾರೆ.

ಕಾಗದದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಆರ್‌ಸಿ ಮತ್ತು ಬಾಕಿ ದಂಡವನ್ನು ಪರಿವಾಹನ್ ಜಾಲದಲ್ಲಿ ನೋಡಿ. ಸಾಲವಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ, ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಎಂಜಿನ್ ತಣ್ಣಗಿರುವಾಗಲೇ ಮೊದಲು ಸ್ಟಾರ್ಟ್ ಮಾಡಿಸಿ, ಬಿಸಿ ಎಂಜಿನ್ ಅನೇಕ ದೋಷ ಮುಚ್ಚಿಡುತ್ತದೆ. ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಹಳೆಯ ಮಾಲೀಕರ ಜೊತೆ ಹೋಗುತ್ತದೆ. ಕರ್ನಾಟಕದಲ್ಲೇ ನೋಂದಣಿಯಾದ ಕಾರು ಕೊಂಡರೆ ಜೀವಿತಾವಧಿ ತೆರಿಗೆ ಆಗಲೇ ಕಟ್ಟಿರುತ್ತದೆ. ನಮ್ಮ ರಾಜ್ಯದಲ್ಲಿ ಅದು ಸಣ್ಣ ಮೊತ್ತವಲ್ಲ, ಹತ್ತು ಲಕ್ಷ ದಾಟಿ ಇಪ್ಪತ್ತು ಲಕ್ಷದವರೆಗಿನ ಹೊಸ ಕಾರಿಗೆ ಶೇ 17, ಅದರ ಮೇಲೆ ಸೆಸ್. ಹೀಗೆ ಉಳಿದ ದುಡ್ಡಿನಲ್ಲಿ ನಾಲ್ಕು ಹೊಸ ಟೈರು ಹಾಕಿಸಿ. ಹಳೆಯದು ಚೆನ್ನಾಗಿದ್ದರೂ ಹಾಕಿಸಿ ಎಂದೇ ಹೇಳುತ್ತೇನೆ. ರಸ್ತೆಗೂ ನಿಮ್ಮ ಮಗುವಿಗೂ ನಡುವೆ ಇರುವುದು ಅಂಗೈಯಗಲದ ಆ ನಾಲ್ಕು ರಬ್ಬರು ತುಂಡುಗಳು ಮಾತ್ರ.

ಕೊಂಡದ್ದಾಯಿತು. ಕಾರು ಮನೆಗೆ ಬಂದ ಮೊದಲ ಮಳೆಯ ದಿನ ಪರಿಚಯದವರ ಗೋದಾಮಿನ ಖಾಲಿ ಅಂಗಳದಲ್ಲಿದ್ದೇವೆ. ಸಿಮೆಂಟಿನ ಮೇಲೆ ನೀರು ಹರಡಿ ಹೊಳೆಯುತ್ತಿದೆ. ವೈಪರು ಆಡುತ್ತಿದೆ. ನೀವು ಸೀಟ್ ಬೆಲ್ಟ್ ಬಿಗಿ ಮಾಡಿಕೊಳ್ಳಿ, ಹಿಂದೆ ಕೂತವರೂ.

"40ಕ್ಕೆ ಬಾ. ನಾನು ಹೇಳಿದ ತಕ್ಷಣ ಬ್ರೇಕನ್ನು ಪೂರ್ತಿ ಒತ್ತು. ಮುರಿದು ಹೋಗೋ ಹಾಗೆ."

"ಈಗ!"

ಒತ್ತುತ್ತಾಳೆ, ಪೆಡಲು ಕಾಲಡಿ ದಡದಡ ನಡುಗುತ್ತದೆ, ಬೆದರಿ ಕಾಲು ತೆಗೆದುಬಿಡುತ್ತಾಳೆ. ಕಾರು ಮುಂದೆ ಜಾರಿಹೋಗಿ ನಿಲ್ಲುತ್ತದೆ. ಬಹುತೇಕ ಎಲ್ಲರೂ ಮೊದಲ ಸಲ ಹೀಗೇ ಮಾಡುತ್ತಾರೆ. ಆ ನಡುಕ ದೋಷವಲ್ಲ, ಎಬಿಎಸ್ ಕೆಲಸ ಮಾಡುವ ರೀತಿ. ಚಕ್ರ ಕಟ್ಟಿಕೊಳ್ಳದಂತೆ ಕ್ಷಣಕ್ಕೆ ಹಲವು ಬಾರಿ ಬ್ರೇಕು ಸಡಿಲಿಸಿ ಹಿಡಿಯುತ್ತಿದೆ. ಅದನ್ನು ಮೊದಲ ಬಾರಿ ಲಾರಿಯ ಹಿಂದೆ ಅನುಭವಿಸುವವರು ಕಾಲು ತೆಗೆದೇ ಗುದ್ದುತ್ತಾರೆ. ಮತ್ತೆ, ಮತ್ತೆ ಮಾಡಿಸುತ್ತೇನೆ. ಈಗ ಕಾಲು ಒತ್ತಿಹಿಡಿದೇ ಸ್ಟೀರಿಂಗ್ ತಿರುಗಿಸಿ, ನಾವಿಟ್ಟ ರಟ್ಟಿನ ಡಬ್ಬಿಯ ಪಕ್ಕದಿಂದ ಹಾಯುತ್ತಾಳೆ. ಆಮೇಲೆ ಲೆಕ್ಕ ಹೇಳುತ್ತೇನೆ. 60ರಲ್ಲಿ ಹೋಗುವಾಗ ಅಪಾಯ ಕಂಡು ಬ್ರೇಕಿಗೆ ಕಾಲು ಹೋಗುವ ಒಂದು ಸೆಕೆಂಡಿನಲ್ಲಿ ಕಾರು 17 ಮೀಟರ್ ಸಾಗಿರುತ್ತದೆ. 100ರಲ್ಲಿ 28. ವೇಗ ಎರಡು ಪಟ್ಟಾದರೆ ಡಿಕ್ಕಿಯಲ್ಲಿ ಮೈಮೇಲೆ ಬರುವ ಶಕ್ತಿ ನಾಲ್ಕು ಪಟ್ಟು. ಅವಳು ಎಂಜಿನಿಯರು, ಸೂತ್ರ ಗೊತ್ತು. ಇವತ್ತು ಅದು ಕಾಲಿಗೂ ಗೊತ್ತಾಯಿತು.

ಬೆಂಗಳೂರು ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಅಪಘಾತಗಳು ಹೆಚ್ಚಾಗಿ, ಆಗಸ್ಟಿನಿಂದ ಬೈಕು ಆಟೊಗಳನ್ನು ನಿಷೇಧಿಸಿ, 100ರ ಮಿತಿ ಕಾಯಲು ಕ್ಯಾಮೆರಾ ಹಾಕಬೇಕಾಯಿತು. ವೇಗದ ಆಸೆ ತೀರಿಸಿಕೊಳ್ಳುವ ಜಾಗ ಅದಲ್ಲ. ಜಾಗಗಳಿವೆ: ಕೊಯಮತ್ತೂರಿನ ಟ್ರ್ಯಾಕು, ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕು. ಸಾರ್ವಜನಿಕರಿಗೆ ಸ್ವಂತ ಕಾರು ತರಲು ಬಿಡುವ ದಿನಗಳು ಅಲ್ಲಿ ನಡೆಯುತ್ತವೆ, ಹೆಲ್ಮೆಟ್ಟು ಹಾಕಿ, ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಬಹುದು. ನಮ್ಮ ಹುಡುಗಿ ಹೋಗಲಿದ್ದಾಳೆ.

ಓದುತ್ತಿರುವ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಮಕ್ಕಳು ಸ್ಪೋರ್ಟ್ಸ್ ಕಾರು ಕೇಳಿದರೆ ಬೈದು ಬಾಯಿ ಮುಚ್ಚಿಸಬೇಡಿ, ಪ್ರೀತಿಗೆ ಸೋತು ಮುನ್ನೂರು ಕುದುರೆಯ ಕೀ ಕೈಗಿಡಲೂ ಬೇಡಿ. ನೂರಿಪ್ಪತ್ತರ ಆಸುಪಾಸಿನ, ಕೈಗೇರಿನ, ಐದು ಸ್ಟಾರಿನ ಸಣ್ಣ ಕಾರು ಹುಡುಕಿಕೊಡಿ. ಕೀ ಕೊಡುವ ಮೊದಲು ಒಂದು ಮಳೆಯ ದಿನ ಖಾಲಿ ಅಂಗಳಕ್ಕೆ ಕರೆದುಕೊಂಡು ಹೋಗಿ, ಆ ಪೆಡಲು ಕಾಲಡಿ ನಡುಗಿದಾಗಲೂ ಒತ್ತಿಹಿಡಿಯುವುದನ್ನು ಕಲಿಸಿ. ನೀವೂ ಕಲಿತಿಲ್ಲವಾದರೆ ಜೊತೆಗೇ ಕಲಿಯಿರಿ.